ಡೊಂಬಿವಲಿಯ ಫ್ಲ್ಯಾಟಿಗೊಂದು ವೈಫೈ ಬ್ಯಾಕಪ್: ಏಳು ವಾರದ ಕೆಲಸದ ದಾಖಲೆ

ಮನೆಯಲ್ಲಿ ಮೂರು ಕಂಪ್ಯೂಟರು, ಒಟ್ಟು 770 ಜಿಬಿ. ಹಿಂದಿನ ಬೆಡ್‌ರೂಮಿನ ಡೆಸ್ಕ್‌ಟಾಪಿನಲ್ಲಿ (ವಿಂಡೋಸ್ 10) 410, ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ 148, ಮ್ಯಾಕ್‌ಬುಕ್ ಏರ್‌ನಲ್ಲಿ 212. ಇಷ್ಟು ದಿನ ಬ್ಯಾಕಪ್ ಎಂದರೆ ಎರಡು ಪೋರ್ಟಬಲ್ ಡಿಸ್ಕ್, ನೆನಪಾದಾಗ ಚುಚ್ಚುವುದು. ನೆನಪಾಗುವುದು ಗಣಪತಿಗೆ ಊರಿಗೆ ಹೊರಡುವ ಹಿಂದಿನ ರಾತ್ರಿ.

ಬೇಕಾಗಿದ್ದು ಇಷ್ಟೇ: ಯಾರೂ ಏನೂ ಚುಚ್ಚದೆ ಮೂರೂ ಕಂಪ್ಯೂಟರುಗಳ ಬ್ಯಾಕಪ್ ತಾನಾಗಿ ಒಂದು ಕಡೆ ಸೇರಬೇಕು, ಒಂದು ಕಂಪ್ಯೂಟರು ಸತ್ತರೆ ಅದೇ ದಿನ ಫೈಲುಗಳು ವಾಪಸು ಸಿಗಬೇಕು. ಎರಡು ವಾರಾಂತ್ಯದ ಕೆಲಸ ಅಂದುಕೊಂಡದ್ದು ಜೂನ್ 14ರಿಂದ ಆಗಸ್ಟ್ 3ರ ತನಕ ಎಳೆಯಿತು. ಕೆಟ್ಟದ್ದನ್ನೆಲ್ಲ ಕೆಟ್ಟ ಕ್ರಮದಲ್ಲೇ ಬರೆದಿದೆ.

ಜೂನ್ 14, 2025, ಶನಿವಾರ: ಅಳತೆ

ಏನನ್ನೂ ಕೊಳ್ಳುವ ಮುಂಚೆ ವೈಫೈ ಅಳೆಯಬೇಕು. ಇಂಟರ್‌ನೆಟ್ ಸ್ಪೀಡ್ ಟೆಸ್ಟ್ ಇಲ್ಲಿ ಉಪಯೋಗಕ್ಕಿಲ್ಲ. ಅದು ಹೊರಗಿನ ಲೈನನ್ನು ಅಳೆಯುತ್ತದೆ, ನಮಗೆ ಬೇಕಾದದ್ದು ಮನೆಯೊಳಗಿನದು. ಒಂದು ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ರೌಟರಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ಕೋಣೆ ಕೋಣೆ ಓಡಾಡುತ್ತಾ ಎರಡರಲ್ಲೂ ಐಪರ್ಫ್3 ಎಂಬ ವೇಗ ಅಳೆಯುವ ಪ್ರೋಗ್ರಾಮ್ ನಡೆಸಿದ್ದು. ಬಂದ ಲೆಕ್ಕ, 5 ಗಿಗಾಹರ್ಟ್ಸ್‌ನಲ್ಲಿ:

ಹಾಲ್, ರೌಟರಿನಿಂದ 3 ಮೀಟರ್: 430 ಮೆಗಾಬಿಟ್.
ಮುಂದಿನ ಬೆಡ್‌ರೂಮ್, ಒಂದು ಗೋಡೆ: 310 ಮೆಗಾಬಿಟ್.
ಹಿಂದಿನ ಬೆಡ್‌ರೂಮ್, ಎರಡು ಗೋಡೆ, ನಡುವೆ ಫ್ರಿಜ್ಜು ಮತ್ತು ಕಬ್ಬಿಣದ ಕಪಾಟು: 38 ಮೆಗಾಬಿಟ್.

ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಮೆಗಾಬೈಟ್. 38 ಅಂದರೆ ಸೆಕೆಂಡಿಗೆ 4.7 ಎಂಬಿ. ಆ ವೇಗದಲ್ಲಿ ಡೆಸ್ಕ್‌ಟಾಪಿನ 410 ಜಿಬಿ ದಾಟಲು ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಬೇಕು, ಅದೂ ನಡುವೆ ಎಲ್ಲೂ ತುಂಡಾಗದಿದ್ದರೆ. ಈ ಒಂದು ಸಂಖ್ಯೆಯನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನ ಎರಡು ಪ್ರಯತ್ನಗಳು ಉಳಿಯುತ್ತಿದ್ದವು.

ಕಟ್ಟಡದಲ್ಲಿ ನಿಂತಲ್ಲಿ 23 ವೈಫೈ ಹೆಸರುಗಳು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಈ ಮೂರೇ. ಅಲ್ಲಿಗೆ ಆ ಬ್ಯಾಂಡ್ ಲೋಕಲ್ ಟ್ರೈನಿನ ಬಾಗಿಲ ಹಾಗೆ, ಇನ್ನೊಬ್ಬರಿಗೆ ಜಾಗ ಇಲ್ಲ. ಬ್ಯಾಕಪ್ಪಿಗೆ 5 ಗಿಗಾಹರ್ಟ್ಸ್ ಮಾತ್ರ ಎಂದು ನಿರ್ಧಾರ. ರೌಟರಿನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿತ್ತು, ಅದನ್ನು ಬೇರೆ ಬೇರೆ ಮಾಡಿ ಚಾನೆಲ್ಲನ್ನು 36ಕ್ಕೆ ಕಟ್ಟಿದ್ದಾಯಿತು. 52ರಿಂದ 144ರ ವರೆಗಿನ ಚಾನೆಲ್‌ಗಳಲ್ಲಿ ರಾಡಾರ್ ಸುಳಿವು ಸಿಕ್ಕರೆ ರೌಟರ್ ಜಾಗ ಬಿಟ್ಟು ಓಡುತ್ತದೆ, ನಡುರಾತ್ರಿಯ ಬ್ಯಾಕಪ್ ಆಗ ತುಂಡಾಗುತ್ತದೆ.

ಅದೇ ದಿನ ಖರ್ಚಿಲ್ಲದ ಒಂದು ಕೆಲಸ: ಟಿವಿಯ ಹಿಂದೆ ನೆಲದಿಂದ ಒಂದು ಅಡಿ ಎತ್ತರದಲ್ಲಿ ಅಡಗಿದ್ದ ರೌಟರನ್ನು ಬಾಗಿಲ ಚೌಕಟ್ಟಿನ ಮಟ್ಟಕ್ಕೆ ಏರಿಸಿದ್ದು. ಹಿಂದಿನ ಬೆಡ್‌ರೂಮ್ 38ರಿಂದ 96ಕ್ಕೆ ಹೋಯಿತು. ಎರಡು ಸ್ಕ್ರೂ, ಎರಡು ರಾವಲ್ ಪ್ಲಗ್.

ಜೂನ್ 15: ಮೊದಲ ಪ್ರಯತ್ನ, ರೌಟರಿನ ಯುಎಸ್‌ಬಿ ಕಿಂಡಿ

ರೌಟರಿನ ಬೆನ್ನಿಗೆ ಯುಎಸ್‌ಬಿ 3 ಕಿಂಡಿ ಇದೆ, 2 ಟಿಬಿ ಪೋರ್ಟಬಲ್ ಡಿಸ್ಕ್ ಮನೆಯಲ್ಲೇ ಇದೆ. ಪುಕ್ಕಟೆ ನಾಸ್, ಅಂದರೆ ಮನೆಯ ನೆಟ್‌ವರ್ಕಿಗೆಲ್ಲ ಒಂದೇ ಡಿಸ್ಕ್! ಅರ್ಧ ದಿನ ಅದರಲ್ಲಿ ಹೋಯಿತು.

ಮೊದಲ ತೊಡಕು, ಎರಡೂ ವಿಂಡೋಸ್‌ನಿಂದ ಡಿಸ್ಕ್ ತೆರೆಯಲೇ ಇಲ್ಲ. ರೌಟರಿನ ಒಳಗಿನ ಫೈಲ್ ಸರ್ವರ್ ಫೈಲ್ ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ 1 ಮಾತ್ರ ಬಲ್ಲದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಮ್) ಹರಡಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಲ್ಲಿ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ಇರುವುದೇ ಇಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಅದನ್ನು ಮತ್ತೆ ಎಬ್ಬಿಸಬಹುದು, ಎಬ್ಬಿಸಲೂಬಾರದು. ಬ್ಯಾಕಪ್ ಇಡಲೆಂದು ಮನೆಯ ಹಿಂಬಾಗಿಲು ತೆರೆದಿಟ್ಟ ಹಾಗೆ ಅದು.

ಎರಡನೆಯದು, ಪರೀಕ್ಷೆಗೆಂದು ಮ್ಯಾಕ್‌ನಿಂದ ಬರೆದು ನೋಡಿದಾಗ ಸೆಕೆಂಡಿಗೆ 7 ಎಂಬಿ. ಎನ್‌ಟಿಎಫ್‌ಎಸ್ (ವಿಂಡೋಸಿನ ಫಾರ್ಮ್ಯಾಟ್) ಡಿಸ್ಕಿಗೆ ಬರೆಯುವಷ್ಟು ಶಕ್ತಿ ರೌಟರಿನ ಪ್ರೊಸೆಸರಿಗೆ ಇಲ್ಲ.

ಮೂರನೆಯದನ್ನು ಯಾರೂ ನಿರೀಕ್ಷಿಸುವುದಿಲ್ಲ. ಡಿಸ್ಕ್ ಓಡುತ್ತಿರುವಾಗ ಮನೆಯ 2.4 ಗಿಗಾಹರ್ಟ್ಸ್ ವೈಫೈ ಸತ್ತೇ ಹೋಯಿತು, ಪ್ರಿಂಟರ್ ಕಾಣೆಯಾಯಿತು, ವೈರ್‌ಲೆಸ್ ಮೌಸ್ ತೊದಲಿತು. ಯುಎಸ್‌ಬಿ 3ರ ಕೇಬಲ್ಲು ಮತ್ತು ಕನೆಕ್ಟರುಗಳು 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಉಗುಳುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ರೌಟರಿನ ಆಂಟೆನಾದಿಂದ ಒಂದು ಗೇಣು ದೂರದಲ್ಲಿ ಡಿಸ್ಕ್ ಇಟ್ಟರೆ ಕಿವಿಯ ಪಕ್ಕ ಮಿಕ್ಸರ್ ಓಡಿಸಿ ಫೋನಿನಲ್ಲಿ ಮಾತಾಡಿದ ಹಾಗೆ. ಡಿಸ್ಕ್ ಕಿತ್ತ ಕೂಡಲೇ ಎಲ್ಲ ಸರಿಯಾಯಿತು. ಮುಂದೆ ಡಿಸ್ಕ್ ಎಲ್ಲೇ ಇಟ್ಟರೂ ರೌಟರಿನಿಂದ ಕನಿಷ್ಠ 1 ಮೀಟರ್ ದೂರ ಎಂಬ ನಿಯಮ ಇಲ್ಲಿಂದ ಬಂತು.

ಜೂನ್ 21–22: ಎರಡನೆಯ ಪ್ರಯತ್ನ, ವೈಫೈ ಮೇಲೆಯೇ ಸರ್ವರು

ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರು, 4 ಜಿಬಿ ರ‍್ಯಾಮ್. ಗಿಗಾಬಿಟ್ ನೆಟ್‌ವರ್ಕ್ ಕಿಂಡಿ, ಎರಡು ಯುಎಸ್‌ಬಿ 3 ಕಿಂಡಿ. ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ, 64 ಬಿಟ್. ಶಬ್ದ ಬೇಡವೆಂದು ಹಿಂದಿನ ಬೆಡ್‌ರೂಮಿನ ಕಪಾಟಿನ ಮೇಲಿಟ್ಟು, ಪೈಯನ್ನೂ ವೈಫೈಗೇ ಸೇರಿಸಿ, ಎರಡು ಪೋರ್ಟಬಲ್ ಡಿಸ್ಕನ್ನೂ ನೇರ ಅದಕ್ಕೇ ಚುಚ್ಚಿದ್ದು. ಎರಡು ತಪ್ಪು ಒಟ್ಟಿಗೆ.

ತಪ್ಪು ಒಂದು. ಲ್ಯಾಪ್‌ಟಾಪೂ ವೈಫೈ, ಸರ್ವರೂ ವೈಫೈ ಆದರೆ ಪ್ರತಿ ಬೈಟೂ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ: ಲ್ಯಾಪ್‌ಟಾಪಿನಿಂದ ರೌಟರಿಗೆ, ರೌಟರಿನಿಂದ ಪೈಗೆ. ಒಂದೇ ಚಾನೆಲ್, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು, ಹಾಗಾಗಿ ವೇಗ ಅಲ್ಲೇ ಅರ್ಧ. ಪೈಯ ಆಂಟೆನಾ ಒಂದೇ, ಅದು ಹಲಗೆಯ ಮೇಲೆ ಕೊರೆದಷ್ಟು ಚಿಕ್ಕದು. ಹಾಲ್‌ನಲ್ಲಿ 430 ಕೊಟ್ಟಿದ್ದ ಲ್ಯಾಪ್‌ಟಾಪಿನಿಂದ ಪೈಗೆ ದಾಟಿದ್ದು ಸೆಕೆಂಡಿಗೆ 4ರಿಂದ 5 ಎಂಬಿ. ವೈರ್‌ಲೆಸ್ ಬ್ಯಾಕಪ್ ಎಂದರೆ ಲ್ಯಾಪ್‌ಟಾಪಿಗೆ ತಂತಿ ಇಲ್ಲ ಎಂದಷ್ಟೇ ಅರ್ಥ. ಡಿಸ್ಕು ಯಾವಾಗಲೂ ತಂತಿಯ ಮೇಲೇ ಇರಬೇಕು.

ತಪ್ಪು ಎರಡು. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪಿಯರ್. ಒಂದು ಪೋರ್ಟಬಲ್ ಡಿಸ್ಕ್ ತಿರುಗಲು ಶುರುಮಾಡುವ ಗಳಿಗೆಯಲ್ಲಿ ಹತ್ತಿರ ಹತ್ತಿರ 1 ಆಂಪಿಯರ್ ಎಳೆಯುತ್ತದೆ. ಎರಡೂ ಒಟ್ಟಿಗೆ ಎದ್ದರೆ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದು ಕರ್ನೆಲ್ ಲಾಗ್‌ನಲ್ಲಿ ಅಂಡರ್‌ವೋಲ್ಟೇಜ್ ಎಂದು ಬೀಳುತ್ತದೆ, ಒಂದು ಡಿಸ್ಕ್ ಕಳಚಿಕೊಳ್ಳುತ್ತದೆ. ಎರಡು ಬಾಲದ ಯುಎಸ್‌ಬಿ ಕೇಬಲ್ ತಂದು ನೋಡಿದ್ದು 250 ರೂಪಾಯಿ ದಂಡ. ಎರಡೂ ಬಾಲ ಅದೇ ಪೈಗೇ ಚುಚ್ಚಿದರೆ ಕರೆಂಟು ಎಲ್ಲಿಂದ ಹೆಚ್ಚು ಬರಬೇಕು?

ಜೂನ್ 28: ಲ್ಯಾಮಿಂಗ್ಟನ್ ರೋಡ್

ಹೊಸ ಯೋಜನೆ. ಸರ್ವರ್ ಹಾಲ್‌ನಲ್ಲಿ, ರೌಟರಿಗೆ ಕೇಬಲ್ಲಿನಲ್ಲಿ. ಡಿಸ್ಕಿಗೆ ಅದರದ್ದೇ ಅಡಾಪ್ಟರ್. ಹಿಂದಿನ ಬೆಡ್‌ರೂಮಿನ ಡೆಸ್ಕ್‌ಟಾಪಿಗೂ ಕೇಬಲ್, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಡೇಟಾ ಅಲ್ಲೇ ಇದೆ, ಆ ಪೆಟ್ಟಿಗೆ ಜಾಗ ಬಿಟ್ಟು ಕದಲುವುದೂ ಇಲ್ಲ. ಲ್ಯಾಪ್‌ಟಾಪುಗಳೆರಡು ಮಾತ್ರ ವೈಫೈ.

ಸಾಮಾನು ಕೊಳ್ಳಲು ಲ್ಯಾಮಿಂಗ್ಟನ್ ರೋಡ್, ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಫಲಕಗಳಲ್ಲಿ ಡಾ. ಭಡಕಮಕರ್ ಮಾರ್ಗ ಎಂದಿದ್ದರೂ ಕೇಳುವಾಗ ಲ್ಯಾಮಿಂಗ್ಟನ್ ಎಂದೇ ಕೇಳಬೇಕು. ಕೊಳ್ಳುವಾಗ ನೋಡಬೇಕಾದದ್ದು ಮೂರು.

ಡಿಸ್ಕ್: 3.5 ಇಂಚು, 4 ಟಿಬಿ, ಸಿಎಂಆರ್ ಬಗೆಯದು, ಅಂದರೆ ಬರೆಯುವ ಪಟ್ಟಿಗಳು ಒಂದರ ಪಕ್ಕ ಒಂದು ಇರುವಂಥದು. ಎಸ್‌ಎಂಆರ್ ಡಿಸ್ಕುಗಳಲ್ಲಿ ಪಟ್ಟಿಗಳು ಹಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ಒಂದು ಹಂಚು ಬದಲಿಸಲು ಸಾಲಿಗೆ ಸಾಲೇ ಎತ್ತಬೇಕು, ಆದ್ದರಿಂದ ಬಹಳ ಹೊತ್ತು ಬರೆದರೆ ವೇಗ ಕುಸಿಯುತ್ತದೆ. ನಾಸ್‌ಗೆಂದೇ ಮಾರುತ್ತಿದ್ದ ಕೆಲವು ಮಾದರಿಗಳೂ ಎಸ್‌ಎಂಆರ್ ಎಂದು 2020ರಲ್ಲಿ ಬಯಲಾಗಿತ್ತು. ಡಬ್ಬಿಯ ಮೇಲಿನ ಬಣ್ಣ ನೋಡಿ ಕೊಳ್ಳಬೇಡಿ, ಮಾದರಿ ಸಂಖ್ಯೆಯನ್ನು ಕಂಪನಿಯ ಪಟ್ಟಿಯಲ್ಲಿ ಹುಡುಕಿ ಕೊಳ್ಳಿ. ವಾರಂಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಡಾಕ್, ಅಂದರೆ ಡಿಸ್ಕನ್ನು ಕೂರಿಸಿ ಯುಎಸ್‌ಬಿಗೆ ಸೇರಿಸುವ ಪೆಟ್ಟಿಗೆ: 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಇರುವುದು. ಕರೆಂಟು ಹೋಗಿ ಬಂದಾಗ ತಾನಾಗಿ ಆನ್ ಆಗುತ್ತದೆಯೇ ಎಂದು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಬೇಕು. ತಳ್ಳುವ ಗುಂಡಿ ಇರುವ ಡಾಕ್‌ಗಳು ಬಹಳಷ್ಟು ಸಲ ಆಫ್ ಆಗಿಯೇ ಉಳಿಯುತ್ತವೆ.

ಕೇಬಲ್: ಕ್ಯಾಟ್ 6, ಪೂರ್ತಿ ತಾಮ್ರದ್ದು. ಡೊಂಬಿವಲಿ ಸ್ಟೇಷನ್ ಬಳಿ ಅಗ್ಗಕ್ಕೆ ಸಿಕ್ಕಿತೆಂದು ಮೊದಲು ತಂದ 180 ರೂಪಾಯಿಯ ಕೇಬಲ್ಲನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ: ತಾಮ್ರ ಬಳಿದ ಅಲ್ಯೂಮಿನಿಯಂ. ಎರಡು ಸಲ ಬಾಗಿಸಿದರೆ ಎಳೆ ಮುರಿಯುತ್ತದೆ. ಅದು ಈಗ ಬಟ್ಟೆ ಒಣಗಿಸುವ ಹಗ್ಗ.

ಜೂನ್ 28 ರಾತ್ರಿಯಿಂದ ಜುಲೈ 2: ಡಿಸ್ಕಿನ ಸತ್ವಪರೀಕ್ಷೆ

ಹೊಸ ಡಿಸ್ಕಿಗೆ ಕೂಡಲೇ ಡೇಟಾ ತುಂಬಬಾರದು. ಬ್ಯಾಡ್‌ಬ್ಲಾಕ್ಸ್ ಎಂಬ ಪ್ರೋಗ್ರಾಮಿನ ಬರೆಯುವ ಪರೀಕ್ಷೆ ನಾಲ್ಕು ಬಗೆಯ ನಮೂನೆಗಳನ್ನು ಡಿಸ್ಕಿನ ಉದ್ದಕ್ಕೂ ಬರೆದು, ಪ್ರತಿಯೊಂದನ್ನೂ ಓದಿ ಹೋಲಿಸುತ್ತದೆ. ಒಟ್ಟು ಎಂಟು ಸುತ್ತು. ಸರಾಸರಿ 150 ಎಂಬಿ ವೇಗದಲ್ಲಿ 4 ಟಿಬಿಗೆ ಒಂದು ಸುತ್ತು ಏಳೂವರೆ ಗಂಟೆ, ಎಂಟಕ್ಕೆ 60 ಗಂಟೆ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದು ಅಳಿಸುತ್ತದೆ. ಡಿಸ್ಕಿನ ಹೆಸರನ್ನು ಎರಡು ಸಲ ಓದಿ ಎಂಟರ್ ಒತ್ತಿ.

ಮೊದಲ ರಾತ್ರಿ 31 ಶೇಕಡಕ್ಕೆ ಎಲ್ಲ ನಿಂತಿತು. ಲಾಗ್ ತುಂಬ ಯುಎಎಸ್ ಅಬಾರ್ಟ್ ಸಾಲುಗಳು. ಡಿಸ್ಕ್ ಕೆಟ್ಟಿದೆ ಎಂದು ವಾಪಸು ಕೊಡಲು ಹೊರಡುವವರು ಹೆಚ್ಚು, ನಿಜವಾದ ಕಳ್ಳ ಡಾಕಿನೊಳಗಿನ ಯುಎಸ್‌ಬಿಯಿಂದ ಸಾಟಾಗೆ ಬದಲಿಸುವ ಚಿಪ್ಪು. ಯುಎಎಸ್ ಎಂಬ ವೇಗದ ವಿಧಾನ ತನಗೆ ಗೊತ್ತು ಎಂದು ಅದು ಹೇಳಿಕೊಳ್ಳುತ್ತದೆ, ಹೊರೆ ಬಿದ್ದಾಗ ಕೈಬಿಡುತ್ತದೆ. ಪರಿಹಾರ: ಎಲ್‌ಎಸ್‌ಯುಎಸ್‌ಬಿ ಆಜ್ಞೆಯಿಂದ ಡಾಕಿನ ನಾಲ್ಕು-ನಾಲ್ಕು ಅಂಕಿಯ ಗುರುತು ತೆಗೆದುಕೊಂಡು, ಬೂಟ್ ವಿಭಾಗದ ಸಿಎಂಡಿಲೈನ್ ಫೈಲಿನಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವರ್ಕ್ಸ್ ಎಂಬ ಸೂಚನೆಗೆ ಆ ಗುರುತು ಕೊಟ್ಟು, ಕೊನೆಗೆ ಕೋಲನ್ ಮತ್ತು ಯು ಅಕ್ಷರ ಸೇರಿಸುವುದು. ಆ ಡಾಕಿನ ಮಟ್ಟಿಗೆ ಯುಎಎಸ್ ಬಂದ್ ಆಗುತ್ತದೆ. ಆ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು. ಹೊಸ ಸಾಲಿನಲ್ಲಿ ಬರೆದದ್ದನ್ನು ಅದು ಓದುವುದಿಲ್ಲ, ಅರ್ಧ ಗಂಟೆ ಅದಕ್ಕೂ ಹೋಯಿತು. ವೇಗ ತುಸು ಇಳಿಯುತ್ತದೆ, ಆದರೆ ಗಿಗಾಬಿಟ್ ತಂತಿ ಹೇಗೂ 110 ಎಂಬಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ನಷ್ಟ ಏನೂ ಇಲ್ಲ.

ಜೂನ್ 29ರ ರಾತ್ರಿ 9ಕ್ಕೆ ಮತ್ತೆ ಶುರು, ಜುಲೈ 2ರ ಬೆಳಗ್ಗೆ ಮುಗಿಯಿತು. ತಪ್ಪು ಸೊನ್ನೆ.

ಫಾರ್ಮ್ಯಾಟ್ ಲಿನಕ್ಸಿನ ಇಎಕ್ಸ್‌ಟಿ4. ಇದು ಬಾಯಿಬಿಡದೆ ಶೇಕಡ 5 ಜಾಗವನ್ನು ರೂಟ್ ಎಂಬ ಯಜಮಾನ ಬಳಕೆದಾರನಿಗೆಂದು ಮೀಸಲಿಡುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ! ಡೇಟಾ ಮಾತ್ರ ಇಡುವ ಡಿಸ್ಕಿಗೆ ಅಷ್ಟು ಬೇಡ, ಟ್ಯೂನ್2ಎಫ್‌ಎಸ್‌ನಿಂದ ಶೇಕಡ 1ಕ್ಕೆ ಇಳಿಸಿದ್ದಾಯಿತು.

ಜುಲೈ 5–6: ಕೇಬಲ್

ರೌಟರಿನಿಂದ ಡೆಸ್ಕ್‌ಟಾಪಿಗೆ ಸ್ಕರ್ಟಿಂಗ್ ಗುಂಟ ಟೇಪಿನಲ್ಲಿ 9.5 ಮೀಟರ್. ತಿರುವು, ಎರಡು ತುದಿಯ ಸಡಿಲ, ಕೆಟ್ಟರೆ ಕತ್ತರಿಸಲು ಒಂದಿಷ್ಟು ಸೇರಿ 12 ಮೀಟರ್. 2 ಮೀಟರಿನ ಕೇಸಿಂಗ್ ಪಟ್ಟಿ ಐದು. ಕರೆಂಟಿನ ವೈರು ಇರುವ ಪಟ್ಟಿಯಲ್ಲೇ ಇದನ್ನೂ ತುರುಕಬೇಡಿ.

ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೊದಲ ಸಲ ದೀಪ ಹತ್ತಿತು, ಇಂಟರ್‌ನೆಟ್ ಬಂತು, ಎಲ್ಲ ಸರಿ ಎಂದು ಪಟ್ಟಿ ಮುಚ್ಚಿದ್ದಾಯಿತು. ಫೈಲ್ ನಕಲು ಮಾಡಿದರೆ 11 ಎಂಬಿಯಲ್ಲೇ ನಿಂತಿದೆ. 11 ಎಂಬಿ ಎಂಬ ಸಂಖ್ಯೆ ಕಂಡರೆ ಬೇರೇನೂ ಹುಡುಕಬೇಡಿ: ಲಿಂಕ್ 100 ಮೆಗಾಬಿಟ್ಟಿನಲ್ಲಿ ಕೂತಿದೆ. 100ಕ್ಕೆ ಎರಡು ಜೋಡಿ ಎಳೆ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಡೆಸ್ಕ್‌ಟಾಪ್ ತುದಿಯಲ್ಲಿ ಕಂದು ಎಳೆ ಕನೆಕ್ಟರಿನ ಕೊನೆ ಮುಟ್ಟಿರಲಿಲ್ಲ. ಆ ತುದಿ ಕತ್ತರಿಸಿ ಹೊಸದು ಒತ್ತಿದ ಮೇಲೆ 108ರಿಂದ 112 ಎಂಬಿ. ಪಟ್ಟಿ ಮುಚ್ಚುವ ಮುಂಚೆ ವೇಗ ನೋಡಬೇಕಿತ್ತು.

ಪೈ ಮತ್ತು ಡಾಕ್ ಹಾಲ್‌ನ ಗೋಡೆಯ ಹಲಗೆಯಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರ, ರೌಟರಿನಿಂದ 1.2 ಮೀಟರ್ ದೂರ, ನಡುವೆ 2 ಮೀಟರಿನ ರೆಡಿಮೇಡ್ ಕೇಬಲ್. 2.4 ಗಿಗಾಹರ್ಟ್ಸ್ ಈಗ ಅಲುಗಾಡುವುದಿಲ್ಲ.

ಜುಲೈ 12: ಸಾಂಬಾ, ವಿಂಡೋಸ್, ಮ್ಯಾಕ್

ರೌಟರಿನಲ್ಲಿ ಪೈಯ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಿಂಡಿಯ ಗುರುತು ಸಂಖ್ಯೆ, ಮ್ಯಾಕ್‌ಬುಕ್ಕಿಗೂ ಇದಕ್ಕೂ ಸಂಬಂಧವಿಲ್ಲ) ಒಂದು ಐಪಿ ಕಾಯ್ದಿರಿಸಿ. ಇಲ್ಲದಿದ್ದರೆ ರೌಟರ್ ಮತ್ತೆ ಆನ್ ಆದ ದಿನ ಬ್ಯಾಕಪ್ ಅನಾಥ.

ಲಿನಕ್ಸಿನಿಂದ ವಿಂಡೋಸ್, ಮ್ಯಾಕ್‌ಗೆ ಫೋಲ್ಡರ್ ಹಂಚುವ ಪ್ರೋಗ್ರಾಮ್ ಸಾಂಬಾ. ಅದರಲ್ಲಿ ಪ್ರತಿ ಕಂಪ್ಯೂಟರಿಗೂ ಬೇರೆ ಬಳಕೆದಾರ, ಬೇರೆ ಪಾಸ್‌ವರ್ಡ್, ಬೇರೆ ಫೋಲ್ಡರ್. ಪಾಸ್‌ವರ್ಡಿಲ್ಲದ ಅತಿಥಿ ಪ್ರವೇಶ ಸುಲಭ ಎನಿಸುತ್ತದೆ, ಹೊಸ ವಿಂಡೋಸ್ 11 ಅದನ್ನು ಬಾಗಿಲಲ್ಲೇ ತಡೆಯುತ್ತದೆ. ವಿಂಡೋಸಿನ ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರ್ ಕಾಣದಿದ್ದರೆ ಗಾಬರಿ ಬೇಡ, ಆ ಹಳೆಯ ಪಟ್ಟಿ ಎಸ್‌ಎಂಬಿ 1ರ ಜತೆಗೇ ಹೋಯಿತು. ಪೈಯಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪ್ರೋಗ್ರಾಮ್ ಹಾಕಿದರೆ ಕಾಣುತ್ತದೆ, ಐಪಿ ನೇರ ಟೈಪಿಸಿದರೂ ಆಗುತ್ತದೆ.

ಎರಡು ವಿಂಡೋಸಿಗೂ ಅದರಲ್ಲೇ ಇರುವ ಬ್ಯಾಕಪ್ ಪ್ರೋಗ್ರಾಮ್ ಫೈಲ್ ಹಿಸ್ಟರಿ, ಗಂಟೆಗೊಮ್ಮೆ. ಹಳೆಯ ಆವೃತ್ತಿಗಳನ್ನು ಎಂದೆಂದಿಗೂ ಇಡು ಎಂಬುದು ಅದರ ಮೂಲ ಆಯ್ಕೆ, ಒಂದು ವರ್ಷಕ್ಕೆ ಇಳಿಸಿ.

ಮ್ಯಾಕ್‌ಗೆ ಅದರದ್ದೇ ಬ್ಯಾಕಪ್ ಪ್ರೋಗ್ರಾಮ್, ಟೈಮ್ ಮೆಷಿನ್. ಸಾಂಬಾ 4.8ರಿಂದ ಇದು ನೇರ ಸಾಧ್ಯ: ಆ ಫೋಲ್ಡರಿಗೆ ಕ್ಯಾಟಿಯಾ, ಫ್ರೂಟ್, ಸ್ಟ್ರೀಮ್ಸ್ ಎಕ್ಸ್‌ಆಟ್ರ್ ಎಂಬ ಮೂರು ಮಾಡ್ಯೂಲ್, ಫ್ರೂಟ್‌ನಲ್ಲಿ ಟೈಮ್ ಮೆಷಿನ್ ಯೆಸ್, ಗರಿಷ್ಠ ಗಾತ್ರ 800 ಜಿಬಿ. ಗಾತ್ರದ ಮಿತಿ ಮರೆತರೆ ಟೈಮ್ ಮೆಷಿನ್ ಡಿಸ್ಕ್ ತುಂಬುವ ತನಕ ಉಣ್ಣುತ್ತಲೇ ಇರುತ್ತದೆ, ಮಿಕ್ಕವರಿಗೆ ಎಲೆಯಲ್ಲಿ ಏನೂ ಉಳಿಯುವುದಿಲ್ಲ. ನೆಟ್‌ವರ್ಕಿನಲ್ಲಿ ಸರ್ವರಿನ ಹೆಸರು ಸಾರುವ ಅವಾಹಿ ಓಡುತ್ತಿದ್ದರೆ ಮ್ಯಾಕ್ ತಾನೇ ಸರ್ವರನ್ನು ಗುರುತಿಸುತ್ತದೆ.

ಮೊದಲ ಪೂರ್ತಿ ಬ್ಯಾಕಪ್ ಮಾತ್ರ ಕೇಬಲ್ಲಿನಲ್ಲೇ ಮಾಡಿ, ಲ್ಯಾಪ್‌ಟಾಪುಗಳದ್ದೂ. 950 ರೂಪಾಯಿಯ ಯುಎಸ್‌ಬಿ ಗಿಗಾಬಿಟ್ ಅಡಾಪ್ಟರ್ ಇದಕ್ಕೇ. ಆದರೂ ಮ್ಯಾಕ್ ಮೊದಲ ಗಂಟೆಯಲ್ಲಿ ಕಳಿಸಿದ್ದು 9 ಜಿಬಿ. ಟೈಮ್ ಮೆಷಿನ್ ತನ್ನ ಕೆಲಸಕ್ಕೆ ಬೇಕೆಂದೇ ಕಡಿಮೆ ಆದ್ಯತೆ ಕೊಟ್ಟುಕೊಂಡಿರುತ್ತದೆ. ಟರ್ಮಿನಲ್ಲಿನಲ್ಲಿ ಸಿಸ್‌ಕಂಟ್ರೋಲ್ ಮೂಲಕ ಲೋಪ್ರಿ ಥ್ರಾಟಲ್ ಎಂಬುದನ್ನು ಸೊನ್ನೆ ಮಾಡಿದ ಮೇಲೆ 212 ಜಿಬಿ ನಾಲ್ಕು ಗಂಟೆಯಲ್ಲಿ ಮುಗಿಯಿತು. ಮ್ಯಾಕ್ ರೀಸ್ಟಾರ್ಟ್ ಆದರೆ ಅದು ಮೊದಲಿನಂತೆಯೇ ಆಗುತ್ತದೆ, ಹಾಗೇ ಇರಲಿ. ಆಮೇಲಿನ ಗಂಟೆಗೊಮ್ಮೆಯ ಬ್ಯಾಕಪ್ಪಿಗೆ ವೈಫೈ ಧಾರಾಳ ಸಾಕು.

ಜುಲೈ 15: ಎಸ್‌ಡಿ ಕಾರ್ಡ್ ತುಂಬಿದ ರಾತ್ರಿ

ಕರೆಂಟು ಹೋಗಿ ಬಂದಿತ್ತು. ಡಾಕ್ ಏಳುವ ಮುಂಚೆ ಪೈ ಎದ್ದಿತು. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಸೇರಿಸಬೇಕಾದ ಡಿಸ್ಕುಗಳ ಪಟ್ಟಿ) ನೋಫೇಲ್ ಹಾಕಿದ್ದರಿಂದ ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಲಿಲ್ಲ. ಸಾಂಬಾ ಎದ್ದು, ಡಿಸ್ಕ್ ಮೌಂಟ್ ಆಗಬೇಕಿದ್ದ (ಬಂದು ಕೂರಬೇಕಿದ್ದ) ಖಾಲಿ ಫೋಲ್ಡರನ್ನೇ ಹಂಚಿತು. ಬೆಳಗಾಗುವಷ್ಟರಲ್ಲಿ 32 ಜಿಬಿ ಎಸ್‌ಡಿ ಕಾರ್ಡ್ ಬಾಯಿವರೆಗೆ ತುಂಬಿ ಪೈ ಲಾಗಿನ್ ಕೊಡುವುದನ್ನೇ ನಿಲ್ಲಿಸಿತ್ತು.

ಮದ್ದು ಒಂದು ಸಾಲಿನದು. ಡಿಸ್ಕ್ ಕಳಚಿರುವಾಗ ಆ ಖಾಲಿ ಫೋಲ್ಡರಿನ ಮೇಲೆ ಚಾಟ್ರ್ ಆಜ್ಞೆಯಿಂದ ಬದಲಾಯಿಸಲಾಗದ ಮುದ್ರೆ ಒತ್ತುವುದು. ಡಿಸ್ಕ್ ಮೌಂಟ್ ಆದರೆ ಮುದ್ರೆ ಅಡಗುತ್ತದೆ, ಆಗದಿದ್ದರೆ ಯಾರೂ ಒಳಗೆ ಬರೆಯಲಾರರು. ಬ್ಯಾಕಪ್ ತಪ್ಪಿತೆಂದು ಕಂಪ್ಯೂಟರು ಗದ್ದಲ ಮಾಡುತ್ತದೆ, ಮಾಡಲಿ.

ಜುಲೈ 19: ರಾತ್ರಿಯ ಸ್ನ್ಯಾಪ್‌ಶಾಟ್

ಕಂಪ್ಯೂಟರಿಗೆ ಬರೆಯಲು ಅನುಮತಿ ಇರುವ ಫೋಲ್ಡರಿಗೆ ರ‍್ಯಾನ್ಸಮ್‌ವೇರ್‌ಗೂ ಅನುಮತಿ ಇದ್ದ ಹಾಗೆ. ಆದ್ದರಿಂದ ರಾತ್ರಿ 2:30ಕ್ಕೆ ಪೈ ತಾನೇ ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಮ್ ನಡೆಸಿ, ಸಾಂಬಾಕ್ಕೆ ಕಾಣದ ಇನ್ನೊಂದು ಫೋಲ್ಡರಿಗೆ ಆ ದಿನ ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುತ್ತದೆ, ಇದೇ ಸ್ನ್ಯಾಪ್‌ಶಾಟ್. ಲಿಂಕ್‌ಡೆಸ್ಟ್ ಆಯ್ಕೆಯಲ್ಲಿ ಬದಲಾಗದ ಫೈಲಿಗೆ ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಮಾತ್ರ, ಹೊಸದಕ್ಕಷ್ಟೇ ಜಾಗ. 14 ದಿನದ್ದು, 8 ವಾರದ್ದು, 6 ತಿಂಗಳದ್ದು ಉಳಿಯುತ್ತದೆ. ಟೈಮ್ ಮೆಷಿನ್ ಫೋಲ್ಡರನ್ನು ಇದರಿಂದ ಹೊರಗಿಟ್ಟಿದೆ. ಅದರೊಳಗಿನ ದೊಡ್ಡ ಬ್ಯಾಂಡ್ ಫೈಲುಗಳು ದಿನವೂ ಒಂದಿಷ್ಟು ಬದಲಾಗುವುದರಿಂದ ಮೂರೇ ದಿನದಲ್ಲಿ 140 ಜಿಬಿ ನುಂಗಿತ್ತು.

ಜುಲೈ 26: ವಾಪಸು ತರುವ ಪರೀಕ್ಷೆ

ಬೇರೊಂದು ಲ್ಯಾಪ್‌ಟಾಪ್ ಎದುರಿಗಿಟ್ಟುಕೊಂಡು, ಡೆಸ್ಕ್‌ಟಾಪ್ ಸತ್ತಿದೆ ಎಂದು ಭಾವಿಸಿ, ನಾಸ್‌ನಿಂದ ಎಲ್ಲ ತರುವ ಪ್ರಯತ್ನ. ಹಸಿರು ಟಿಕ್ ಎರಡು ವಾರದಿಂದ ನಗುತ್ತಿತ್ತು. ಸಿಕ್ಕದ್ದು 349 ಜಿಬಿ. 61 ಜಿಬಿ ಇಲ್ಲ.

ಇಲ್ಲದ್ದು ಮುಖ್ಯವಾಗಿ ಡಿ ಡ್ರೈವ್. ಫೈಲ್ ಹಿಸ್ಟರಿ ಲೈಬ್ರರಿಗಳನ್ನು, ಡೆಸ್ಕ್‌ಟಾಪನ್ನು, ಅಂಥ ಕೆಲವು ಫೋಲ್ಡರುಗಳನ್ನು ಮಾತ್ರ ನೋಡುತ್ತದೆ. ಡಿಯಲ್ಲಿ ಇರುವುದನ್ನು ಲೈಬ್ರರಿಗೆ ಸೇರಿಸಿದರಷ್ಟೇ ಅದರ ಕಣ್ಣಿಗೆ ಬೀಳುತ್ತದೆ. ಬಲಗುಂಡಿ ಒತ್ತಿ ಇನ್‌ಕ್ಲೂಡ್ ಇನ್ ಲೈಬ್ರರಿ, ಅರ್ಧ ನಿಮಿಷದ ಕೆಲಸ.

ಎರಡನೆಯದು, ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆಯ ದಾಖಲೆಗಳು ತೆರೆದವು, ಆದರೆ ಕಂಡದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಲಿಪಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಬರುವ ಮುಂಚಿನ ಫೈಲುಗಳವು, ಆ ಫಾಂಟ್ ಇಲ್ಲದೆ ಅಕ್ಷರ ಇಲ್ಲ. ಫಾಂಟುಗಳಿರುವುದು ವಿಂಡೋಸಿನ ಸ್ವಂತ ಫೋಲ್ಡರಿನಲ್ಲಿ, ಅದು ಬ್ಯಾಕಪ್ಪಿಗೆ ಬರುವುದಿಲ್ಲ. ಕನ್ನಡ ಡಿಟಿಪಿ ಮಾಡಿದ ಯಾವ ಕಂಪ್ಯೂಟರಿನಲ್ಲೂ ಫಾಂಟುಗಳನ್ನು ದಾಖಲೆಗಳ ಪಕ್ಕದಲ್ಲೇ ಒಂದು ಫೋಲ್ಡರಿಗೆ ನಕಲಿಸಿಡಿ.

ಮೂರನೆಯದಕ್ಕೆ ಒಂದು ದಿನ ಹಿಡಿಯಿತು. 37 ಫೈಲುಗಳು ಕಾಣೆ, ಎಲ್ಲವೂ ಉದ್ದದ ಕನ್ನಡ ಹೆಸರಿನವು: ಸಂಘದ ಕಾರ್ಯಕ್ರಮ, ಜಾಗ, ತಾರೀಕು, ಅತಿಥಿ ಎಲ್ಲವನ್ನೂ ಹೆಸರಲ್ಲೇ ಬರೆದಿಟ್ಟ ವಿಡಿಯೋಗಳು. ವಿಂಡೋಸ್ ಹೆಸರಿಗೆ 255 ಸಂಕೇತ ಬಿಡುತ್ತದೆ. ಇಎಕ್ಸ್‌ಟಿ4 ಬಿಡುವುದು 255 ಬೈಟ್. ಇಂಗ್ಲಿಷಿಗೆ ಎರಡೂ ಒಂದೇ. ಕನ್ನಡದ ಒಂದೊಂದು ಸಂಕೇತ 3 ಬೈಟ್, ಒತ್ತು ಮತ್ತು ಕಾಗುಣಿತ ಬೇರೆ ಬೇರೆ ಸಂಕೇತ. ಯಕ್ಷಗಾನ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಡಿಸ್ಕಿಗೆ 7 ಸಂಕೇತ, 21 ಬೈಟ್. ಸಾಲದ್ದಕ್ಕೆ ಫೈಲ್ ಹಿಸ್ಟರಿ ಪ್ರತಿ ಹೆಸರಿನ ಬಾಲಕ್ಕೆ ತಾರೀಕು-ಸಮಯ ಅಂಟಿಸುತ್ತದೆ, ಅದು 26 ಬೈಟ್. ವಿಸ್ತರಣೆಯನ್ನೂ ಕಳೆದರೆ ಕನ್ನಡಕ್ಕೆ ಉಳಿಯುವುದು ಸುಮಾರು 75 ಸಂಕೇತ, ಅಂದರೆ ಆರೇಳು ಪದ. ಮೀರಿದ ಫೈಲನ್ನು ಅದು ಮೌನವಾಗಿ ದಾಟಿ ಹೋಗುತ್ತದೆ, ದೂರು ಇರುವುದು ಇವೆಂಟ್ ವ್ಯೂವರ್‌ನ ಫೈಲ್ ಹಿಸ್ಟರಿ ವಿಭಾಗದಲ್ಲಿ ಮಾತ್ರ. ಹೆಸರುಗಳನ್ನು ಕತ್ತರಿಸಿ, ವಿವರವನ್ನು ಪಕ್ಕದ ಟೆಕ್ಸ್ಟ್ ಫೈಲಿಗೆ ಸಾಗಿಸಿದ್ದಾಯಿತು.

ನಾಲ್ಕನೆಯದು ಇನ್ನೂ ವಿಚಿತ್ರ. ಮೂವರೂ ಬಳಸುವ ಹಂಚಿಕೆಯ ಫೋಲ್ಡರಿನಲ್ಲಿ ಎರಡು ‘ಫೋಟೋ’, ಅಕ್ಷರಶಃ ಒಂದೇ ಹೆಸರು. ಒಂದು ವಿಂಡೋಸಿನಿಂದ ಬಂದದ್ದು, ಇನ್ನೊಂದು ಹಳೆಯ ಮ್ಯಾಕ್ ಡಿಸ್ಕಿನಿಂದ ಆರ್‌ಸಿಂಕ್ ಮಾಡಿದ್ದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುತ್ತದೆ: ಓತ್ವ ಅಲ್ಲಿ ಒಂದು ಸಂಕೇತವಲ್ಲ, ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು. ಹಾಗಾಗಿ ಒಂದು ‘ಫೋಟೋ’ 4 ಸಂಕೇತ, ಇನ್ನೊಂದು 8. ಲಿನಕ್ಸ್ ಬೈಟ್ ಮಾತ್ರ ನೋಡುವುದರಿಂದ ಅದಕ್ಕೆ ಇವೆರಡೂ ಬೇರೆ. ಈ, ಏ, ಐ, ಒ, ಓ ಈ ಐದು ಕಾಗುಣಿತಕ್ಕೂ ಇದೇ ಗತಿ. ಕಾನ್ವ್‌ಎಂವಿ ಎಂಬ ಪ್ರೋಗ್ರಾಮನ್ನು ಎನ್‌ಎಫ್‌ಸಿ ಆಯ್ಕೆಯೊಂದಿಗೆ ಓಡಿಸಿದರೆ ಬಿಡಿಸಿದ್ದೆಲ್ಲ ಕೂಡಿಕೊಳ್ಳುತ್ತದೆ. ಮೊದಲು ಒಂದು ಹೆಸರನ್ನು ಫೋಟೋ 2 ಎಂದು ಬದಲಿಸಿ, ಆಮೇಲೆ ಓಡಿಸಿ.

ಆಗಸ್ಟ್ 2–3: ಹೊರಗಿನ ಪ್ರತಿ, ಕರೆಂಟು

ಸ್ನ್ಯಾಪ್‌ಶಾಟ್ ಎಷ್ಟಿದ್ದರೂ ಡಿಸ್ಕ್ ಒಂದೇ, ಮನೆಯೂ ಒಂದೇ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ಸೀಮೆಯಿದು, ಒಂದೂವರೆ ಮೀಟರ್ ಎತ್ತರದ ಹಲಗೆಯನ್ನು ಬಹಳ ನಂಬುವುದಕ್ಕಾಗದು. ನಾಸ್‌ಗೆ ಅಯೋಗ್ಯ ಎನಿಸಿದ 2 ಟಿಬಿ ಪೋರ್ಟಬಲ್ ಡಿಸ್ಕ್ ಇಲ್ಲಿ ಕೆಲಸಕ್ಕೆ ಬಂತು: ಲಕ್ಸ್ ಎನ್‌ಕ್ರಿಪ್ಶನ್ (ಪಾಸ್‌ಫ್ರೇಸ್ ಇಲ್ಲದೆ ಓದಲಾಗದಂಥ ಬೀಗ) ಹಾಕಿ, ತಿಂಗಳ ಮೊದಲ ಭಾನುವಾರ ತುಂಬಿಸಿ, ಪುಣೆಯ ಬಂಧುಗಳ ಮನೆಗೆ. ಒಂದೇ ಡಿಸ್ಕ್ ಪೈಯಿಂದ ಕರೆಂಟು ಎಳೆದರೆ ತೊಂದರೆ ಇಲ್ಲ. ಪಾಸ್‌ಫ್ರೇಸ್ ಕಾಗದದ ಮೇಲೆ ಎರಡು ಕಡೆ ಇದೆ, ಡಿಸ್ಕಿನ ಚೀಲದಲ್ಲಿ ಅಲ್ಲ.

ಪೈ, ಡಿಸ್ಕ್, ರೌಟರ್ ಸೇರಿ ಪ್ಲಗ್ ಮೀಟರಿನಲ್ಲಿ 22 ವ್ಯಾಟ್, ತಿಂಗಳಿಗೆ ಸುಮಾರು 16 ಯೂನಿಟ್. ಡಿಸ್ಕನ್ನು 20 ನಿಮಿಷಕ್ಕೆ ಮಲಗಿಸುವ ಉಪಾಯ ಬಿಟ್ಟದ್ದಾಯಿತು. ಗಂಟೆಗೊಮ್ಮೆ ಬ್ಯಾಕಪ್ ಬರುವಾಗ ದಿನಕ್ಕೆ ಇಪ್ಪತ್ತು ಸಲ ಎದ್ದು ಮಲಗುವುದು ಮೋಟರಿಗೆ ಒಳ್ಳೆಯದಲ್ಲ. ಉಷ್ಣತೆ 44ರಿಂದ 47 ಡಿಗ್ರಿ.

600 ವಿಎ ಯುಪಿಎಸ್ ಈ ಹೊರೆಯನ್ನು 55 ನಿಮಿಷ ಹೊತ್ತಿತು. ಅಗ್ಗದ್ದು, ಯುಎಸ್‌ಬಿ ಇಲ್ಲ, ಕರೆಂಟು ಹೋದದ್ದು ಪೈಗೆ ತಿಳಿಯುವ ದಾರಿ ಇಲ್ಲ. ಅದಕ್ಕೊಂದು ಉಪಾಯ: ಯುಪಿಎಸ್ಸಿಗೆ ಸೇರದ, ನೇರ ಗೋಡೆಯಲ್ಲಿರುವ ವೈಫೈ ಸ್ಮಾರ್ಟ್ ಪ್ಲಗ್ಗಿಗೆ ಪೈ ನಿಮಿಷಕ್ಕೊಮ್ಮೆ ಪಿಂಗ್ ಮಾಡುತ್ತದೆ. ಹತ್ತು ನಿಮಿಷ ಉತ್ತರ ಬರದಿದ್ದರೆ ತಾನೇ ಶಟ್‌ಡೌನ್.

ಖರ್ಚು, ರೂಪಾಯಿಯಲ್ಲಿ: ಪೈ 5,600, ಅದರ ಅಡಾಪ್ಟರ್ 800, ಎಸ್‌ಡಿ ಕಾರ್ಡ್ 750, ಶಾಖ ಹೀರುವ ಕೇಸ್ 600, ಡಿಸ್ಕ್ 10,900, ಡಾಕ್ 2,200, ಕೇಬಲ್ 12 ಮೀಟರ್ 336, ಕನೆಕ್ಟರ್ ಹತ್ತು 80, ಪಟ್ಟಿ 300, ರೆಡಿಮೇಡ್ ಕೇಬಲ್ 150, ಕ್ರಿಂಪಿಂಗ್ ಇಕ್ಕಳ 350, ಯುಎಸ್‌ಬಿ ಗಿಗಾಬಿಟ್ ಅಡಾಪ್ಟರ್ 950, ಯುಪಿಎಸ್ 2,900. ಒಟ್ಟು 25,916. ಕಸಕ್ಕೆ ಹೋದದ್ದು 430: ಎರಡು ಬಾಲದ ಕೇಬಲ್, ಅಲ್ಯೂಮಿನಿಯಂ ಕೇಬಲ್.

ಉಳಿದಿರುವ ಒಂದು ತೊಡಕು: ಪೈ ಶಟ್‌ಡೌನ್ ಆದ ಮೇಲೆ ಯುಪಿಎಸ್ ಪೂರ್ತಿ ಖಾಲಿಯಾಗುವ ಮುಂಚೆ ಕರೆಂಟು ಬಂದರೆ, ಪೈಗೆ ವಿದ್ಯುತ್ ತುಂಡಾಗಿಯೇ ಇರುವುದಿಲ್ಲ, ಅದು ಏಳುವುದೂ ಇಲ್ಲ. ಸದ್ಯಕ್ಕೆ ಹಲಗೆಯ ಕೆಳಗೆ ಒಂದು ಚೀಟಿ ಅಂಟಿಸಿದೆ: ‘ಕೆಂಪು ದೀಪ ಮಾತ್ರ ಇದ್ದರೆ ಬಿಳಿ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿ. ಕಪ್ಪು ಪ್ಲಗ್ ಮುಟ್ಟಬೇಡಿ.’